ತಮ್ಮನಿಗಾಗಿ ಸಾಕಿದ ಜೀವಕೋಶಗಳು

ನನ್ನ ತಮ್ಮನ ರಕ್ತ ಹೆಪ್ಪುಗಟ್ಟುತ್ತಿರಲಿಲ್ಲ. ಹುಟ್ಟಿನಿಂದಲೇ ಹಿಮೋಫಿಲಿಯಾ. ಹೆಪ್ಪುಗಟ್ಟಲು ಬೇಕಾದ ಒಂದು ಪ್ರೋಟೀನು ಅವನ ಮೈಯಲ್ಲಿ ತಯಾರಾಗದೆ, ಅದನ್ನು ಸೂಜಿಯಲ್ಲಿ ಕೊಡಿಸಬೇಕಿತ್ತು. ಇದು ತಾಯಿಯಿಂದ ಗಂಡುಮಕ್ಕಳಿಗೆ ಬರುವ ಕಾಯಿಲೆ ಎಂದು ಡಾಕ್ಟರು ಹೇಳಿದ ಮೇಲೆ ಅಮ್ಮ ತನ್ನನ್ನು ತಾನು ಕ್ಷಮಿಸಿಕೊಳ್ಳಲೇ ಇಲ್ಲ. ಮೊಣಕಾಲಿನೊಳಗೆ ಮತ್ತೆ ಮತ್ತೆ ರಕ್ತ ಸೋರಿ ತಮ್ಮನ ಎಡಗಾಲು ಮಡಚಲು ಬಾರದಂತಾಗಿತ್ತು. ಆದರೂ ಕೆಂಚಾರ್ಲಹಳ್ಳಿಯಿಂದ ದಿನಾ ಬಸ್ಸು ಹತ್ತಿ ಚಿಂತಾಮಣಿಗೆ ಹೋಗಿ ಮೊಬೈಲ್ ರಿಪೇರಿ ಅಂಗಡಿ ನಡೆಸುತ್ತಿದ್ದ.

ಬೆಂಗಳೂರಿನ ಲ್ಯಾಬೊಂದರಲ್ಲಿ ನಾನು ಕೆಲಸಕ್ಕೆ ಸೇರಿದ್ದೇ ಅವನಿಗೋಸ್ಕರ. ಆ ಪ್ರೋಟೀನನ್ನು ತಯಾರಿಸಬಲ್ಲ ಜೀವಕೋಶಗಳನ್ನು ಅಲ್ಲಿ ಬೆಳೆಸಿ, ಕಡಲಪಾಚಿಯ ಲೋಳೆಯಿಂದ ಮಾಡಿದ ಸಣ್ಣ ಗುಂಡುಗಳೊಳಗೆ ಜೀವಂತವಾಗಿ ಕೂಡಿಡುತ್ತಿದ್ದೆವು. ಗುಂಡಿನ ಗೋಡೆ ದಾಟಿ ಉಸಿರು, ಆಹಾರ ಒಳಗೆ ಹೋಗಬೇಕು, ಪ್ರೋಟೀನು ಹೊರಗೆ ಬರಬೇಕು. ಪರಕೀಯವೆಂದು ಕೊಲ್ಲಲು ಬರುವ ಮೈಯ ರಕ್ಷಣಾಕೋಶಗಳು ಮಾತ್ರ ಒಳನುಗ್ಗಬಾರದು. ಒಮ್ಮೆ ಹೊಟ್ಟೆಯೊಳಗೆ ಇಟ್ಟರೆ ಮತ್ತೆ ಸೂಜಿಯ ಹಂಗಿಲ್ಲ ಎಂಬುದು ನಮ್ಮ ಆಸೆ.

ಒಮ್ಮೆ ಚಿಕಿತ್ಸೆಗೆ ಬಂದಿದ್ದ ತಮ್ಮನನ್ನು ಲ್ಯಾಬಿಗೆ ಕರೆದೊಯ್ದೆ. ಸೂಕ್ಷ್ಮದರ್ಶಕದ ಮೇಲೆ ಬಾಗಿ ಬಹಳ ಹೊತ್ತು ನೋಡಿದ.

“ಅಕ್ಕಾ, ಇವೆಲ್ಲ ಬದುಕಿದಾವಾ?”

“ಹ್ಞೂ ಕಣೋ.”

“ನನ್ನೊಳಗೆ ಹಾಕಿದ್ರೂ ಬದುಕಿರ್ತಾವಾ?”

“ಮೊದ್ಲು ಇಲಿಗಳಲ್ಲಿ ನೋಡ್ಬೇಕಪ್ಪ.”

ಊರಿಗೆ ಹೋಗಿ ಅವನು ಅಮ್ಮನಿಗೆ ಗುಂಡುಗಳ ವಿಷಯ ಹೇಳಿದ, ಇಲಿಗಳ ವಿಷಯ ಹೇಳಲಿಲ್ಲ. ಅಮ್ಮ ವಿದುರಾಶ್ವತ್ಥಕ್ಕೆ ಹೋಗಿ ನಾಗರಕಲ್ಲಿಗೆ ಹರಕೆ ಹೊತ್ತು ಬಂದಳು. ಫೋನು ಮಾಡಿದಾಗಲೆಲ್ಲ ಒಂದೇ ಮಾತು: “ನಿನ್ ಗುಂಡುಗಳು ಆದ್ವೇನಮ್ಮ?”

ಮೊದಮೊದಲು ಗುಂಡುಗಳನ್ನು ಹೊಟ್ಟೆಯೊಳಗೆ ಇಟ್ಟ ಇಲಿಗಳ ರಕ್ತದಲ್ಲಿ ಪ್ರೋಟೀನು ಕಾಣಿಸಿತು. ಆಮೇಲೆ ಕಡಿಮೆಯಾಗುತ್ತ ಬಂದು ನಿಂತೇಹೋಯಿತು. ಹೊಟ್ಟೆ ಬಿಡಿಸಿ ನೋಡಿದರೆ ಒಂದೊಂದು ಗುಂಡಿನ ಮೇಲೂ ಗಟ್ಟಿಯಾದ ಬಿಳಿ ಪೊರೆ. ಒಳನುಗ್ಗಲಾಗದ ಮೈ ಹೊರಗಿನಿಂದಲೇ ಅವನ್ನು ಮುಚ್ಚಿಹಾಕಿತ್ತು. ಒಳಗಿನ ಕೋಶಗಳು ಉಸಿರುಗಟ್ಟಿ ಸತ್ತಿದ್ದವು.

ತಮ್ಮನಿಗೆ ಅಂಗಡಿಯಲ್ಲೇ ಹೇಳಿದೆ. ಬಿಚ್ಚಿದ ಫೋನಿನಿಂದ ಕಣ್ಣು ತೆಗೆಯದೆ ಕೇಳಿಸಿಕೊಂಡ.

“ಅಮ್ಮಂಗೆ ಹೇಳ್ಬೇಡ ಕಣಕ್ಕಾ. ಈಗೀಗ ಸ್ವಲ್ಪ ನಗ್ತಾಳೆ.”

“ಕೇಳಿದ್ರೆ ಏನನ್ಲಿ?”

“ಇನ್ನೂ ನಡೀತಿದೆ ಅನ್ನು. ಸುಳ್ಳೇನಲ್ವಲ್ಲ.”

ಆ ಬೇಸಿಗೆಯಲ್ಲಿ, ಅರ್ಧ ಇಳಿದಿದ್ದ ಅಂಗಡಿಯ ಶಟರು ಅವನ ತಲೆಗೆ ತಗುಲಿತು. ಗಾಯವೇನೂ ಕಾಣಲಿಲ್ಲ. ಮನೆಗೆ ಬಂದವನು ಶಟರಿನ ಮಾತೆತ್ತದೆ, ಬಿಸಿಲಿಗೆ ತಲೆನೋವು ಎಂದು ಹೇಳಿ ಮಲಗಿದ. ಬೆಳಿಗ್ಗೆ ಏಳುವಾಗ ಮಾತು ತೊದಲುತ್ತಿತ್ತು. ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ ತಂದರು. ಆಸ್ಪತ್ರೆಯವರು ತಡಮಾಡದೆ ಸೂಜಿ ಕೊಟ್ಟರು. ಅಷ್ಟರಲ್ಲಾಗಲೇ ಮಿದುಳಿನೊಳಗೆ ರಕ್ತ ತುಂಬಿತ್ತು. ಸಂಜೆಗೆ ಹೋಗಿಬಿಟ್ಟ.

ಕಾರ್ಯವೆಲ್ಲ ಮುಗಿದು ನೆಂಟರು ಹೊರಟ ಮೇಲೆ ಅಮ್ಮ ಅಡುಗೆಮನೆಯಲ್ಲಿ ಅಂದಳು: “ಇನ್ನೊಂದು ವರ್ಷ ಇದ್ದಿದ್ರೆ ನಿನ್ ಗುಂಡುಗಳು ಬಂದ್ಬಿಡ್ತಿದ್ವು. ಅಷ್ಟರಲ್ಲೇ...”

ಆ ಒಂದು ವರ್ಷಕ್ಕಾಗಿ ಅವಳು ಬದುಕಿರುವವರೆಗೂ ಕೊರಗುವುದು ನನ್ನಿಂದ ನೋಡಲಾಗುತ್ತಿರಲಿಲ್ಲ. ನಿಜ ಹೇಳಿಬಿಟ್ಟೆ.

“ಅವನಿಗೆ ಗೊತ್ತಿತ್ತಾ?”

“ಗೊತ್ತಿತ್ತಮ್ಮ.”

ಅಮ್ಮ ಒಲೆ ಆರಿಸಿದಳು. “ನನ್ ಮುಂದೆ ನಗ್ತಾನೇ ಇದ್ನಲ್ಲೇ,” ಎಂದಳು. ಆಮೇಲೆ ಎಂದೂ ಲ್ಯಾಬಿನ ಮಾತೆತ್ತಲಿಲ್ಲ.

ನಾನು ಅದೇ ಕೆಲಸದಲ್ಲಿದ್ದೇನೆ. ಲೋಳೆಯನ್ನು ಬದಲಿಸಿ ನೋಡುತ್ತಿದ್ದೇವೆ. ಬಿಳಿ ಪೊರೆ ಈಗ ಸ್ವಲ್ಪ ತಡವಾಗಿ ಕಟ್ಟುತ್ತದೆ. ಕಟ್ಟದೆ ಇರುವುದಿಲ್ಲ.