ಅರ್ಧ ಶಟರಿನ ಒಳಗೆ ಬೆಲ್ಟು ಮಾಮ

ಬೆಳಕು ಹರಿಯುವ ಮುಂಚೆಯೇ ಟೇಪು ರಿಪೇರಿ ಅಂಗಡಿಯೊಳಗೆ ದೀಪ ಉರಿಯುತ್ತದೆ, ಶಟರು ಮಾತ್ರ ಅರ್ಧಕ್ಕೇ ನಿಂತಿರುತ್ತದೆ. ನೆಟ್ಟಗಿನ ವ್ಯವಹಾರಕ್ಕೆ ಇಷ್ಟು ಗುಟ್ಟೇಕೆ? ಎದುರಿನ ಟೀ ಅಂಗಡಿಯಾತನಿಗೂ ಅದೇ ಗುಮಾನಿ. "ಕದ್ದ ಮಾಲೇ ಇರ್ಬೇಕು ಸಾರ್. ಈ ಕಾಲದಲ್ಲಿ ಕ್ಯಾಸೆಟ್ ಯಾರು ಕೇಳ್ತಾರೆ?" ಎನ್ನುತ್ತಾನೆ. ಪತ್ರಿಕೆಗೆ ಬರೆಯಲು ಬಂದ ನಾನು ಬಗ್ಗಿ ಒಳಗೆ ನುಸುಳುತ್ತೇನೆ.

ಒಳಗೆ ಬೆಲ್ಟು ಮಾಮ. ಕಿವಿಗೆ ಸಿಕ್ಕಿಸಿಕೊಂಡು ಓಡಾಡುತ್ತ ಕೇಳುವ ಪುಟ್ಟ ಟೇಪುಗಳನ್ನು ರಿಪೇರಿ ಮಾಡುವವರು. ಹಳೆಯ ಟೇಪಿನಲ್ಲಿ ಕ್ಯಾಸೆಟ್ ತಿರುಗಿಸುವ ರಬ್ಬರ್ ಬೆಲ್ಟು ಕರಗಿ ಡಾಂಬರಿನಂತೆ ಅಂಟಿರುತ್ತದೆ. ಅದನ್ನು ಕೆರೆದು ಹೊಸದು ಹಾಕುವುದೇ ಅರ್ಧ ಕೆಲಸ, ಹೆಸರು ಬಂದದ್ದೂ ಅದರಿಂದಲೇ. ನನ್ನನ್ನು ಮೇಲಿಂದ ಕೆಳಗೆ ನೋಡಿ ಒಂದೇ ಪ್ರಶ್ನೆ ಕೇಳುತ್ತಾರೆ: "ಕ್ಯಾಸೆಟ್ ತಂದಿದ್ದೀರಾ?"

ಇಲ್ಲವೆಂದರೆ ಹುಬ್ಬು ಗಂಟಿಕ್ಕುತ್ತಾರೆ. ಕ್ಯಾಸೆಟ್ ಇಲ್ಲದೆ ಬಂದವರ ಟೇಪನ್ನು ಮುಟ್ಟುವುದಿಲ್ಲವಂತೆ. "ಹಳೇದಕ್ಕೆ ಈಗ ಫ್ಯಾಷನ್ನು ಬಂದಿದೆ. ರಿಪೇರಿ ಮಾಡಿಸ್ಕೊಂಡು ಹೋಗಿ ಗಾಜಿನ ಬೀರುವಲ್ಲಿ ಇಡ್ತಾರೆ. ಕೇಳೋರಾದ್ರೆ ಕ್ಯಾಸೆಟ್ ಜೊತೇಲೇ ಇರುತ್ತೆ." ಮಾಮನ ಅಪ್ಪ ರೇಡಿಯೊ ಮೆಕ್ಯಾನಿಕ್. ಮಗ ಟೇಪಿಗೆ ಬಂದರು, ಸಿ.ಡಿ. ಕಲಿತರು, ಫೋನು ಬಂದು ಅದನ್ನೂ ನುಂಗಿತು. ನಡುವೆ ಕೆಲವು ವರ್ಷ ಮಿಕ್ಸಿ ರಿಪೇರಿಯೇ ಗತಿ. "ಹೊಟ್ಟೆ ಕೇಳ್ಬೇಕಲ್ಲ." ಮಾತೇನೋ ಚೆನ್ನಾಗಿದೆ, ಶಟರು ಅರ್ಧಕ್ಕೇ ಏಕೆ ಎಂಬುದು ಮಾತ್ರ ನನ್ನ ತಲೆಯಲ್ಲಿ ಕೊರೆಯುತ್ತಲೇ ಇದೆ.

ಅಷ್ಟರಲ್ಲಿ ಹೊಲಿಗೆ ಕಲಿಸುವ ಟೀಚರಮ್ಮ ಬಗ್ಗಿ ಒಳಬರುತ್ತಾರೆ, ರಿಪೇರಿಗೆ ಕೊಟ್ಟ ಟೇಪಿಗಾಗಿ. ಅದರಲ್ಲಿರುವ ಕ್ಯಾಸೆಟ್ಟಿನಲ್ಲಿ ತೀರಿಹೋದ ಗಂಡ ಮಾತಾಡಿದ್ದಾರೆ. ಅವರ ದನಿ ಉಳಿದಿರುವುದು ಅದೊಂದರಲ್ಲೇ. ಮಾಮ ಪುಟ್ಟ ಸ್ಪೀಕರಿಗೆ ಸಿಕ್ಕಿಸಿ ಹಾಕುತ್ತಾರೆ. ತೆಳ್ಳಗಿನ, ಚುರುಕಾದ ಗಂಡುದನಿ. ಟೀಚರಮ್ಮನ ಮುಖ ಕಪ್ಪಿಡುತ್ತದೆ.

"ಇದು ನಮ್ಮೋರಲ್ಲ. ಅವರದು ದಪ್ಪ ದನಿ. ಕ್ಯಾಸೆಟ್ ಬದಲಾಯಿಸಿದ್ದೀರಿ! ನನ್ನದೆಲ್ಲಿ?"

ಬೆಂಕಿ ಇಲ್ಲದೆ ಹೊಗೆಯಾಡೀತೇ ಎಂದು ನಾನೂ ಅಂದುಕೊಳ್ಳುತ್ತೇನೆ.

"ಬೆಲ್ಟು ಜೋತುಬಿದ್ದಿತ್ತಮ್ಮ," ಎನ್ನುತ್ತಾರೆ ಮಾಮ. "ಇಷ್ಟು ವರ್ಷ ನಿಧಾನಕ್ಕೆ ತಿರುಗೋ ಟೇಪಲ್ಲಿ ಕೇಳಿದ್ದೀರಿ. ನಿಧಾನವಾದ್ರೆ ದನಿ ದಪ್ಪ ಆಗುತ್ತೆ. ಸ್ವಲ್ಪ ತಾಳಿ, ಮುಂದಕ್ಕೆ ಕೇಳಿ."

ಅವರು ನಂಬುವುದಿಲ್ಲ. ಟೇಪು ಓಡುತ್ತದೆ. ಗಂಡುದನಿಯ ಹಿಂದೆ, ಒಳಮನೆಯಿಂದ ಹೆಣ್ಣೊಬ್ಬಳು ಕೂಗುತ್ತಾಳೆ: "ಊಟ ಆರಿಹೋಗ್ತಿದೆ! ಇನ್ನೂ ಎಷ್ಟು ಹೊತ್ತು?"

ಟೀಚರಮ್ಮ ಬಗ್ಗಿ ಸ್ಪೀಕರಿಗೆ ಕಿವಿ ಹಚ್ಚುತ್ತಾರೆ.

"ನಮ್ಮತ್ತೆ ಕೂಗ್ತಿದ್ದಾರೆ ಅಂದ್ಕೊಂಡಿದ್ದೆ ಇಷ್ಟು ದಿನ. ಅಯ್ಯೋ, ಇದು ನಾನು!" ಅಳುತ್ತಲೇ ನಗುತ್ತಾರೆ. "ಹೌದು, ಅವರು ಹೀಗೇ ಪಟಪಟ ಅಂತ ಮಾತಾಡ್ತಿದ್ರು. ನನಗೇ ಮರೆತುಹೋಗಿತ್ತು. ಇನ್ನೊಂದ್ಸಲ ಹಾಕಿ."

ಹಾಕುವಷ್ಟರಲ್ಲಿ ದಿನದ ಮೊದಲ ಬಸ್ಸು ಗುಡುಗುತ್ತ ಹಾದುಹೋಗುತ್ತದೆ. ಗೋಡೆ ಅದುರುತ್ತದೆ, ದನಿ ಮುಳುಗುತ್ತದೆ. ಸದ್ದು ಒಳಬರದಂತೆ ಮಾಮ ಎದ್ದು ಶಟರನ್ನು ಪೂರ್ತಿ ಕೆಳಗೆಳೆಯುತ್ತಾರೆ. ಟೇಪಿನ ವೇಗವನ್ನು ಕಿವಿಯಿಂದ ಕೇಳಿಯೇ ತಿದ್ದುವವರಿಗೆ ಬೀದಿ ಏಳುವ ಮುಂಚಿನ ಹೊತ್ತೂ ಸದ್ದು ತಡೆಯುವ ಶಟರೂ ಬೇಕು. ಗುಟ್ಟು ಇಷ್ಟೇ. ನನ್ನ ಗುಮಾನಿ ಅಲ್ಲಿಗೆ ಇಳಿಯುತ್ತದೆ.

ನಿಮಗೇನಾದರೂ ಆಸೆ ಇದೆಯೇ ಎಂದು ಕೊನೆಗೆ ಕೇಳುತ್ತೇನೆ.

"ಮುಂದಿನ ಬಸ್ಸು ಒಂದರ್ಧ ಗಂಟೆ ತಡವಾಗಿ ಬಂದ್ರೆ ಸಾಕು ಸಾರ್," ಎನ್ನುತ್ತಾರೆ ಮಾಮ. "ಟೀಚರಮ್ಮ ಪೂರ್ತಿ ಕೇಳ್ಕೊಂಡು ಹೋಗ್ಲಿ."