ತಲೆ ಎತ್ತಿ ನಡೆಯುವ ಮನೆತನ

೧೮೫೬ನೇ ಇಸವಿಯಲ್ಲಿ ನಾನು ರೋಣದ ಸಣ್ಣ ದವಾಖಾನೆಯೊಂದಕ್ಕೆ ನೇಟಿವ್ ಡಾಕ್ಟರ್ ಆಗಿ ಬಂದೆ. ಮುಂಬಯಿಯಲ್ಲಿ ಇಂಗ್ಲಿಷ್ ವೈದ್ಯ ಕಲಿತವನು ಎಂಬ ಜಂಬ ಬೇಕಾದಷ್ಟಿತ್ತು. ರೋಗಿಗಳು ಮಾತ್ರ ಗಜೇಂದ್ರಗಡದ ಕಡೆಯಿಂದ ಚೇಳು ಕಡಿಸಿಕೊಂಡು ಬಂದವರು, ನರೇಗಲ್ ಸಂತೆಯಲ್ಲಿ ಎತ್ತು ಹಾಯ್ದವರು, ಇಂಥವರೇ.

ಆ ಬೇಸಿಗೆಯಲ್ಲಿ ಕೊಣ್ಣೂರಿನ ಹತ್ತಿರದ ಹಳ್ಳಿಯಿಂದ ಈರಪ್ಪಗೌಡರು ಗಾಡಿ ಕಟ್ಟಿಸಿಕೊಂಡು ಬಂದರು. ಜೊತೆಗೆ ಸೊಸೆ ನೀಲವ್ವ, ಅವಳ ಕಂಕುಳಲ್ಲಿ ಆಗಷ್ಟೇ ನಡೆಯಲು ಕಲಿತ ಕೂಸು ಗಂಗವ್ವ. ಹೊಸ್ತಿಲು ಎಡವಿ ಬಿದ್ದ ಕೂಸಿನ ಹಣೆಗೆ ಮುಲಾಮು ಬೇಕಿತ್ತು. ಗೌಡರು ಗದ್ದ ಮೇಲೆತ್ತಿ, ಮೂಗಿನ ತುದಿಯಿಂದ ನನ್ನನ್ನು ನೋಡುತ್ತ ನಿಂತರು. ಏನು ಸೊಕ್ಕಪ್ಪಾ ಎಂದು ನನಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಕೂಸೂ ಗದ್ದ ಎತ್ತಿ ಥೇಟ್ ಹಾಗೆಯೇ ನೋಡಿತು. ಎಳೆಗೂಸಿಗೆ ಎಲ್ಲಿಯ ಸೊಕ್ಕು?

ಹತ್ತಿರ ಹೋಗಿ ನೋಡಿದೆ. ಇಬ್ಬರ ಮೇಲ್ರೆಪ್ಪೆಗಳೂ ಜೋತುಬಿದ್ದಿದ್ದವು. ಇದಕ್ಕೆ ಟೋಸಿಸ್ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಬರೆಯುವಾಗ ಮುಂದೊಂದು ‘ಪಿ’ ಇರುತ್ತದೆ, ಅದನ್ನು ಯಾರೂ ಉಚ್ಚರಿಸುವುದಿಲ್ಲ; ಯಾಕಿದೆಯೋ ದೇವರೇ ಬಲ್ಲ. ರೆಪ್ಪೆ ಎತ್ತುವ ಸ್ನಾಯು ಹುಟ್ಟಿನಿಂದಲೇ ಬಲಹೀನವಾಗಿರುವುದರಿಂದ, ಎದುರಿನದನ್ನು ಕಾಣಲು ತಲೆಯನ್ನೇ ಎತ್ತಬೇಕಾಗುತ್ತದೆ. ಹಾಗೆ ನಡೆಯುವ ಕೂಸು ಹೊಸ್ತಿಲು ಎಡವದೆ ಇನ್ನೇನು ಮಾಡೀತು?

ಶಸ್ತ್ರಕ್ರಿಯೆಯ ಮಾತೆತ್ತಿದೆ. ಗೌಡರು ನಕ್ಕರು.

“ಇದ ರೋಗ ಅಲ್ರಿ, ಡಾಕ್ಟರ್ ಸಾಹೇಬ್ರ. ನಮ್ಮಪ್ಪ, ನಮ್ಮಜ್ಜ, ಎಲ್ಲಾರೂ ತಲಿ ಎತ್ತಿ ನಡದವ್ರ. ನಮ್ಮ ಮನ್ಯಾಗ ತಲಿ ಬಗ್ಗಿಸಿದವ್ರ ಇಲ್ಲ.”

ಆದರೆ ಕೂಸಿನ ಎಡಗಣ್ಣನ್ನು ರೆಪ್ಪೆ ಪೂರ್ತಿ ಮುಚ್ಚಿತ್ತು. ಎಳವೆಯಲ್ಲಿ ನೋಡದ ಕಣ್ಣು ನೋಡುವುದನ್ನೇ ಕಲಿಯುವುದಿಲ್ಲ. ಮುಂದೆ ರೆಪ್ಪೆ ಎತ್ತಿದರೂ ಉಪಯೋಗವಿಲ್ಲ. ಇದನ್ನು ಬಿಡಿಸಿ ಹೇಳಿದೆ. ಬಾಗಿಲ ಮರೆಯಿಂದ ನೀಲವ್ವ ಹೇಳಿದಳು: “ಮಾವಾರ, ಮನಿತನದ ಮರ್ಯಾದಿ ಕಾಯಾಕ ನೀವ ಅದೀರಿ. ಕೂಸಿಗೆ ಕಣ್ಣ ಬೇಕ್ರಿ.”

ಗೌಡರು ನನ್ನತ್ತ ತಿರುಗಿದರು. “ಕೊಯ್ದ ಮ್ಯಾಲೆ ತಲಿ ಬಾಗತದೇನ್ರಿ?”

“ಈಗ ರೆಪ್ಪಿ ನಿಮ್ಮ ತಲಿ ಎತ್ತಸ್ತದ್ರಿ, ಗೌಡ್ರ. ಆಮ್ಯಾಲೆ ಎತ್ತೂದು ಬಿಡೂದು ನಿಮ್ಮ ಮರ್ಜಿ.”

“ಹಂಗಾರ ಮೊದ್ಲ ನನಗ ಕೊಯ್ರಿ. ನನ್ನ ಕಣ್ಣ ಚಲೋ ಆದ್ರ ಕೂಸಿಗೆ ಮಾಡ್ರಿ.”

ಕೆಲಸ ಇಷ್ಟೇ: ಹುಬ್ಬಿನ ಕೆಳಗಿನ ಚರ್ಮದ ಒಂದು ಪಟ್ಟಿ ತೆಗೆದು ರೇಷ್ಮೆ ದಾರದಿಂದ ಹೊಲಿದರೆ ರೆಪ್ಪೆ ಹುಬ್ಬಿನ ಹಿಡಿತಕ್ಕೆ ಬರುತ್ತದೆ, ಹುಬ್ಬು ಏರಿದರೆ ರೆಪ್ಪೆಯೂ ಏರುತ್ತದೆ. ದೊಡ್ಡವರಿಗೆ ಎಚ್ಚರ ತಪ್ಪಿಸುವ ಕ್ಲೋರೋಫಾರ್ಮ್ ಕೊಡದಿರುವುದೇ ಒಳ್ಳೆಯದು. ‘ಕಣ್ಣು ತೆರೆಯಿರಿ’ ಎಂದರೆ ತೆರೆಯುತ್ತಾರೆ, ಅಳತೆ ತಿಳಿಯುತ್ತದೆ. ಗೌಡರು ಟವಲ್ ಕಚ್ಚಿಕೊಂಡು ಮಲಗಿದರು, ನರಳಲಿಲ್ಲ. ಮುಖ ಬಾತು ನೀಲಿಯಾಗುತ್ತದೆ, ನಿದ್ದೆಯಲ್ಲಿ ಕಣ್ಣು ಅರೆತೆರೆದೇ ಇರುತ್ತದೆ, ಒಣಗದಂತೆ ಔಡಲೆಣ್ಣೆ ಬಿಡಬೇಕು ಎಂದು ಮೊದಲೇ ಎಚ್ಚರಿಸಿದ್ದೆ. ಆದರೂ ಅವರ ಮಡದಿ, ಗಂಡ ನಿದ್ದೆಯಲ್ಲೂ ತನ್ನ ಮೇಲೆ ಕಣ್ಣಿಟ್ಟಿದ್ದಾರೆಂದು ದೂರು ಹೇಳಿಕಳಿಸಿದರು.

ಬಾವು ಇಳಿದ ಮೇಲೆ ಗೌಡರು ತಾವಾಗಿಯೇ ಕೂಸನ್ನು ಎತ್ತಿಕೊಂಡು ಬಂದರು. ಕೂಸು ಹೇಳಿದಂತೆ ಕೇಳುವುದಿಲ್ಲವಲ್ಲ, ಕ್ಲೋರೋಫಾರ್ಮ್ ಬೇಕೇ ಬೇಕು. ತುಸು ಹೆಚ್ಚಾದರೂ ಕೂಸು ಮತ್ತೆ ಏಳುವುದಿಲ್ಲ; ಕರವಸ್ತ್ರದ ಮೇಲೆ ಹನಿ ಹನಿಯಾಗಿ ಹಾಕುತ್ತ, ಒಂದೊಂದು ಹನಿಗೂ ಅದರ ಉಸಿರು ನೋಡಿದೆ. ಹೊಲಿದು ಮುಗಿಸಿದ ಮೇಲೆ ಗಂಗವ್ವ ಎಚ್ಚತ್ತು ದವಾಖಾನೆ ಹಾರಿಹೋಗುವಂತೆ ಅತ್ತಳು. ಅಷ್ಟು ಇಂಪಾದ ಅಳು ನಾನು ಕೇಳಿರಲಿಲ್ಲ. ಎರಡು ಕಣ್ಣೂ ಒಂದೇ ಸಮ ಕಾಣಲಿಕ್ಕಿಲ್ಲ, ಬೆಳೆದ ಮೇಲೆ ಮತ್ತೊಮ್ಮೆ ಮಾಡಬೇಕಾದೀತು ಎಂದೆ. ಎಡಗಣ್ಣು ಕೆಲಸ ಕಲಿಯಲೆಂದು ದಿನವೂ ಕೆಲ ಹೊತ್ತು ಬಲಗಣ್ಣಿಗೆ ಪಟ್ಟಿ ಕಟ್ಟಿಸಿದೆ.

ದೀಪಾವಳಿಗೆ ಗೌಡರು ನನ್ನನ್ನು ಮನೆಗೆ ಕರೆಸಿದರು. ಹಳೆಯ ರೂಢಿ, ಅವರ ಗದ್ದ ಇನ್ನೂ ಮೇಲೆಯೇ ಇತ್ತು. ಒಳಗಿನಿಂದ ಗಂಗವ್ವ ತಪ್ಪು ಹೆಜ್ಜೆ ಹಾಕುತ್ತ ಬಂದಳು. ಬಲಗಣ್ಣಿಗೆ ಪಟ್ಟಿ ಕಟ್ಟಿತ್ತು. ಹೊಸ್ತಿಲ ಹತ್ತಿರ ನಿಂತಳು, ತಲೆ ಬಗ್ಗಿಸಿದಳು, ಎಡಗಣ್ಣಿನಿಂದ ಹೊಸ್ತಿಲನ್ನು ನೋಡಿದಳು, ದಾಟಿದಳು.

“ತಲಿ ಬಗ್ಗಿಸಿದ್ಲ ನೋಡ್ರೋ!” ಎಂದು ಗೌಡರು ಓಣಿಗೆಲ್ಲ ಕೇಳುವಂತೆ ಕೂಗಿ, ಬಗ್ಗಿ ಅವಳನ್ನು ಎತ್ತಿಕೊಂಡರು. ನನಗೂ ಕಣ್ಣು ತುಂಬಿ ಬಂತು.

ಈಗ ನಿವೃತ್ತನಾಗಿದ್ದೇನೆ. ಆದರೂ ಯಾರಾದರೂ ಗದ್ದ ಎತ್ತಿಕೊಂಡು ಎದುರು ಬಂದರೆ, ಸೊಕ್ಕಿನವರು ಎಂದುಕೊಳ್ಳುವ ಮೊದಲು ಅವರ ರೆಪ್ಪೆ ನೋಡುತ್ತೇನೆ. ಎಷ್ಟೋ ಸಲ ಅದು ಬರೀ ಸೊಕ್ಕೇ ಆಗಿರುತ್ತದೆ. ಅದಕ್ಕೆ ಮಾತ್ರ ನನ್ನಲ್ಲಿ ಕತ್ತರಿಯಿಲ್ಲ.