ಟೈಲರಮ್ಮ ಬದುಕಿಸಿದವರು

ಬೀದಿಯವರೆಲ್ಲ ಅವಳನ್ನು ಟೈಲರಮ್ಮ ಎಂದೇ ಕರೆಯುತ್ತಿದ್ದರು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ನು, ಪಕ್ಕದಲ್ಲಿ ಬಟ್ಟೆ ಕತ್ತರಿಸುವ ಮೇಜು, ಕಿಟಕಿಯ ಕೆಳಗೆ ಮಾವನ ಕುರ್ಚಿ. ಮಾವ ಆಯುಷ್ಯವೆಲ್ಲ ಲಾರಿ ಓಡಿಸಿದವರು. ಸಕ್ಕರೆ ಕಾಯಿಲೆಗೆ ಎರಡೂ ಕಣ್ಣು ಹೋದ ಮೇಲೆ ಅವರಿಗೆ ಹೊತ್ತು ಕಳೆಯುವುದೇ ದೊಡ್ಡ ಕೆಲಸವಾಯಿತು. ಮೊದಲಿನಿಂದಲೂ ಓದಿನ ಹುಚ್ಚಿದ್ದ ಅವಳು ಮಧ್ಯಾಹ್ನ ಊಟವಾದ ಮೇಲೆ ಮೆಷಿನ್ ನಿಲ್ಲಿಸಿ, ಲೈಬ್ರರಿಯಿಂದ ತಂದ ಪುಸ್ತಕಗಳನ್ನು ಅವರಿಗೆ ಓದಿ ಹೇಳತೊಡಗಿದಳು.

ಇಂಥದ್ದೇ ಬೇಕೆಂದಿರಲಿಲ್ಲ, ಕೈಗೆ ಸಿಕ್ಕಿದ್ದನ್ನು ತರುತ್ತಿದ್ದಳು. ಪತ್ತೇದಾರಿ ಕಾದಂಬರಿಯಾದರೆ ಕೊನೆಯ ಪುಟವನ್ನು ಕದ್ದು ನೋಡಿಬಿಡುವಳು. ಆಮೇಲೆ ಕೊಲೆಗಾರನ ಹೆಸರು ಬಂದಾಗಲೆಲ್ಲ ದನಿ ಬಿಗಿಯಾಗುವುದು. "ಗೊತ್ತಾಯ್ತು ಬಿಡು, ಇವನೇ" ಎನ್ನುತ್ತಿದ್ದರು ಮಾವ. ನಗೆಹನಿಗಳ ಪುಸ್ತಕದಲ್ಲಿ ಓದುವ ಮೊದಲೇ ಹೊಟ್ಟೆ ಹಿಡಿದುಕೊಂಡು ನಗು. "ಮೊದಲು ಓದಮ್ಮ, ಆಮೇಲೆ ನಗು. ಇಲ್ಲಾಂದ್ರೆ ನಾನು ಯಾವುದಕ್ಕೆ ನಗಲಿ?" ಬೆಳಗಿನ ಜಾವವೇ ಎದ್ದು ಜೀವನದ ಗುರಿಯನ್ನು ಧ್ಯಾನಿಸಿರಿ ಎಂದ ಪುಸ್ತಕವೊಂದನ್ನು, "ಇವನು ಧ್ಯಾನ ಮಾಡ್ತಾ ಕೂತ್ರೆ ನಲ್ಲಿ ನೀರು ಹಿಡಿಯೋರ್ಯಾರು, ಇವನ ಅಜ್ಜಿನಾ?" ಎಂದು ಮೇಜಿನ ಮೇಲೆ ಕುಕ್ಕಿದಳು. ಹಿಮದ ಬೆಟ್ಟ ಹತ್ತಿದವನ ಕಥೆ ಓದಿದ ದಿನ ಸುಡುಬಿಸಿಲಲ್ಲೂ ಅವಳಿಗೆ ಚಳಿ.

ಸಾವು ಮಾತ್ರ ಅವಳ ಬಾಯಿಂದ ಹೊರಡುತ್ತಿರಲಿಲ್ಲ. ಒಂದು ಕಾದಂಬರಿಯಲ್ಲಿ, ತಮ್ಮ ತಂಗಿಯರನ್ನು ಸಾಕಿ ಸಲಹಿದ ಅಕ್ಕ ಕೊನೆಯ ಅಧ್ಯಾಯದಲ್ಲಿ ಜ್ವರ ಬಂದು ಸಾಯುತ್ತಾಳೆ. ಆ ಪುಟಕ್ಕೆ ಬಂದಾಗ ಅಕ್ಷರಗಳೆಲ್ಲ ಮಸುಕಾದವು. "ಡಾಕ್ಟರು ಇಂಜೆಕ್ಷನ್ ಕೊಟ್ಟರು, ಅಕ್ಕ ಕಣ್ಣು ಬಿಟ್ಟಳು" ಎಂದು ಬಾಯಿಗೆ ಬಂದದ್ದನ್ನು ಓದಿದಂತೆ ಹೇಳಿ ಪುಸ್ತಕ ಮುಚ್ಚಿದಳು.

"ಸದ್ಯ!" ಎಂದು ಮಾವ ಉಸಿರು ಬಿಟ್ಟರು.

ಆ 'ಸದ್ಯ' ಅವಳಿಗೆ ಪರವಾನಗಿಯಾಯಿತು. ಮುಂದಿನ ಪುಸ್ತಕಗಳಲ್ಲಿ ಮುಳುಗಿದ ಅಂಬಿಗ ಈಜಿ ದಡ ಸೇರಿದ, ಸತ್ತ ನಾಯಿ ಬಾಲ ಅಲ್ಲಾಡಿಸುತ್ತಾ ಮನೆಗೆ ಬಂತು. ಪಾಪ, ಮಾವನ ಮನಸ್ಸಿಗೆ ನೋವಾಗದಿರಲಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಮಾವ ಸಂಜೆ ಗೋಡೆ ಸವರಿಕೊಂಡು ಬೀದಿಯ ಕೊನೆಯ ಕಟಿಂಗ್ ಶಾಪಿಗೆ ಹೋಗಿ, ಕೇಳಿದ ಕಥೆಗಳನ್ನು ಅಲ್ಲಿದ್ದವರಿಗೆ ಹೇಳುತ್ತಿದ್ದರು. ಒಂದು ಸಂಜೆ ಬೇಗನೆ ವಾಪಸ್ಸು ಬಂದರು.

"ಆ ಅಕ್ಕ ಬದುಕಿದ್ಲು ತಾನೇ?"

"ಯಾಕೆ ಮಾವ?"

"ಕಟಿಂಗ್ ಶಾಪಲ್ಲಿ ಆಸ್ಪತ್ರೆ ಕಾಂಪೌಂಡರ್ ಇದ್ದ, ಆ ಪುಸ್ತಕ ಓದಿದಾನಂತೆ. ಸತ್ತಳು ಅಂತಾನೆ. ನಾನು ವಾದಕ್ಕೆ ನಿಂತೆ. 'ಡ್ರೈವರ್ರೇ, ಕಣ್ಣಂತೂ ಹೋಯ್ತು, ಈಗ ಅರಳುಮರಳೂ ಶುರುವಾಯ್ತಾ' ಅಂದ. ಎಲ್ಲ ನಕ್ಕರು."

ಅವಳು ಮೆಷಿನ್ನಿನತ್ತ ತಿರುಗಿದಳು. "ಮೆಷಿನ್ ಮೇಲೆ ಬ್ಲೌಸ್ ಇದೆ ಮಾವ, ಆಮೇಲೆ ಹೇಳ್ತೀನಿ" ಎಂದಳು. ಆ ಆಮೇಲೆ ಬರಲೇ ಇಲ್ಲ.

ಮಾವ ತಮ್ಮನ್ನು ತಾವೇ ಪರೀಕ್ಷೆ ಮಾಡಿಕೊಳ್ಳತೊಡಗಿದರು. ಕುರ್ಚಿಯಲ್ಲಿ ಕೂತು ಲಾರಿಯ ಭಾಗಗಳನ್ನೂ ಮೊಮ್ಮಕ್ಕಳ ಹೆಸರುಗಳನ್ನೂ ಪಾಠ ಒಪ್ಪಿಸುವಂತೆ ಹೇಳಿಕೊಳ್ಳುವರು. ಒಂದು ಹೆಸರು ತಡೆದರೆ ಮುಖ ಬಿಳುಚಿಕೊಳ್ಳುವುದು. "ನನಗೆ ಮರೆವು ಹಿಡಿದಿದೆ ಕಣೋ, ಡಾಕ್ಟರಿಗೆ ತೋರಿಸು" ಎಂದು ಮಗನಿಗೆ ಹೇಳಿದ್ದು ಅವಳ ಕಿವಿಗೂ ಬಿತ್ತು. ಅವಳು ಪುಸ್ತಕ ತೆಗೆದರೆ, "ಬೇಡಮ್ಮ, ತೂತು ಕೊಡಕ್ಕೆ ಯಾಕೆ ನೀರು ಹುಯ್ತೀಯ?" ಎನ್ನುವರು.

ಅವಳಿಗೆ ಅನ್ನ ರುಚಿಸಲಿಲ್ಲ, ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. "ಏನ್ ಟೈಲರಮ್ಮ, ಈ ತೋಳು ಹಿಂದೆ ತಿರುಗಿ ಯಾರನ್ನ ನೋಡ್ತಿದೆ?" ಎಂದು ಎದುರು ಮನೆಯಾಕೆ ಬ್ಲೌಸನ್ನು ಎತ್ತಿ ಹಿಡಿದು ನಕ್ಕಾಗ ಅವಳು ನಗಲಿಲ್ಲ. ಸೀದಾ ಲೈಬ್ರರಿಗೆ ಹೋಗಿ ಅದೇ ಕಾದಂಬರಿಯನ್ನು ಮತ್ತೆ ತಂದು, ಮಾವನ ಕಾಲಬುಡದಲ್ಲಿ ಕೂತಳು.

"ಬೇಡ ಅಂದೆನಲ್ಲಮ್ಮ."

"ಇದೊಂದು ಕೇಳಿ ಮಾವ."

ಕೊನೆಯ ಅಧ್ಯಾಯವನ್ನು ಇದ್ದದ್ದು ಇದ್ದ ಹಾಗೆ ಓದಿದಳು. ಡಾಕ್ಟರು ಬರಲಿಲ್ಲ. ಅಕ್ಕನ ಕೈ ತಣ್ಣಗಾಯಿತು. ಅವಳ ದನಿ ಒಡೆಯಿತು, ಆದರೂ ಓದಿ ಮುಗಿಸಿದಳು.

"ಅಂದ್ರೆ... ನನ್ನ ತಲೆ ಸರಿ ಇದೆ" ಎಂದರು ಮಾವ, ನಿಧಾನವಾಗಿ.

"ಸರಿ ಇದೆ ಮಾವ. ಸುಳ್ಳು ಓದಿದ್ದು ನಾನು."

"ನಾನೇನು ಕೂಸಾ? ರಸ್ತೇಲಿ ಎಷ್ಟು ಹೆಣ ಎತ್ತಿದೀನಿ ಗೊತ್ತಾ? ನಿಮ್ಮತ್ತೆ ಕಣ್ಣು ಮುಚ್ಚಿದ್ದು ಈ ತೊಡೆ ಮೇಲೆ."

"ನಿಮಗೆ ನೋವಾಗ್ಬಾರ್ದು ಅಂತ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಅದೂ ಸುಳ್ಳೇ. "ನಿಮಗೋಸ್ಕರ ಅಲ್ಲ ಮಾವ. ನನ್ನ ಕೈಲೇ ಓದೋಕಾಗ್ಲಿಲ್ಲ."

"ಇನ್ನೂ ಯಾರ್ಯಾರನ್ನ ಬದುಕಿಸಿದೀಯ?"

"ಅಂಬಿಗ... ಆಮೇಲೆ ನಾಯಿ."

"ನಾಯಿನೂನಾ!" ಮಾವ ಕುರ್ಚಿಯ ಕೈ ಹಿಡಿದು ಎದ್ದರು. "ನಡಿ. ಎಲ್ಲರೂ ನಕ್ಕ ಜಾಗದಲ್ಲೇ ಹೇಳು."

ಕಾಂಪೌಂಡರ್ ಮುಖದ ತುಂಬ ಸೋಪಿನ ನೊರೆ ಹಚ್ಚಿಸಿಕೊಂಡು ಕೂತಿದ್ದರು. ಬಾಗಿಲಲ್ಲೇ ನಿಂತು ಅವಳು ಎಲ್ಲವನ್ನೂ ಹೇಳಿದಳು. ಕ್ಷೌರಿಕನ ಕತ್ತಿ ನಿಂತಿತು.

"ಅಯ್ಯೋ ಡ್ರೈವರ್ರೇ, ನಾನು ತಮಾಷೆಗೆ ಅಂದಿದ್ದು" ಎಂದರು ಕಾಂಪೌಂಡರ್.

"ನೀನು ತಮಾಷೆಗೆ ಅಂದೆ. ನಾನು ನಿದ್ದೆ ಬಿಟ್ಟೆ."

ಆ ಮಾತು ಕಾಂಪೌಂಡರಿಗೆ ತಾಗಿತೋ ಇಲ್ಲವೋ, ಅವಳು ತಲೆ ತಗ್ಗಿಸಿದಳು. ದಾರಿಯಲ್ಲಿ ಮಾವ ಅವಳ ಭುಜ ಹಿಡಿದು ನಡೆದರು. ಮನೆಯ ಮೆಟ್ಟಿಲು ಹತ್ತುವಾಗ, "ನಾಳೆ ನಾಯಿದು ಓದು. ಇದ್ದ ಹಾಗೆ" ಎಂದರು.

ಅವಳು ತಲೆಯಾಡಿಸಿದಳು. ಅದು ಅವರಿಗೆ ಕಾಣದು ಎಂದು ಹೊಳೆದು, "ಹೂಂ ಮಾವ" ಎಂದು ಬಾಯಿಬಿಟ್ಟು ಹೇಳಿದಳು.